ಅಟ್ಟದ ಏಣಿಬಾಯಿಗೆ ಬಿಗಿ ಮುಚ್ಚಳ: ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಪುಣೆಯಲ್ಲಿ ಹೆಂಚಿನ ಇಳಿಜಾರು ಚಾವಣಿಯ ಮನೆಗಳು ಕಡಿಮೆ ಆಗಿವೆ, ಪೂರ್ತಿ ಹೋಗಿಲ್ಲ. ಸದಾಶಿವ ಪೇಟೆಯ ಹಳೇ ವಾಡಾಗಳಲ್ಲಿ, ಪಾಷಾಣ್-ಬಾವಧನ್ ಕಡೆಯ ಬಂಗಲೆಗಳಲ್ಲಿ ಇನ್ನೂ ಅಟ್ಟ ಇದೆ, ಹತ್ತಲು ಮಡಚುವ ಏಣಿ ಇದೆ, ಏಣಿ ಇಳಿಯುವ ಕಡೆ ಸೀಲಿಂಗ್‌ನಲ್ಲಿ ಒಂದು ಬಾಯಿ ಇದೆ. ಆ ಬಾಯಿಗೆ ಮುಚ್ಚಳ ಅಂತ ಇರುವುದು ಹೆಚ್ಚಾಗಿ ಒಂದು ತೆಳು ಪ್ಲೈವುಡ್. ಜಿಪ್ಸಮ್ ಸೀಲಿಂಗ್ ಮಾಡಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿ, ಐದು ಸ್ಟಾರ್ ಏಸಿ ತಂದು ಕೂರಿಸಿದವರೂ ಈ ಪ್ಲೈವುಡ್ ಕಡೆ ಕಣ್ಣೆತ್ತಿ ನೋಡುವುದಿಲ್ಲ.

ಏಪ್ರಿಲ್ ಮಧ್ಯಾಹ್ನ ಹೊರಗೆ 40 ಡಿಗ್ರಿ ಇದ್ದರೆ ಹೆಂಚಿನ ಕೆಳಗಿನ ಅಟ್ಟ ಅದಕ್ಕಿಂತ ಜಾಸ್ತಿ ಕಾದಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅದೇ ಅಟ್ಟ ತಣ್ಣಗೆ ಕೊರೆಯುತ್ತದೆ. ಎರಡೂ ಕಾಲದಲ್ಲಿ ತೊಂದರೆ ಬರುವುದು ಈ ಬಾಯಿಯಿಂದಲೇ.

ಗಾಳಿ ಯಾವ ಕಡೆ ಓಡುತ್ತದೆ?

ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ. ತಣ್ಣನೆ ಗಾಳಿ ಭಾರ, ಕೆಳಗೆ ಕೂರುತ್ತದೆ. ಚಳಿಗಾಲದ ರಾತ್ರಿ ಮನೆಯೊಳಗಿನ ಬೆಚ್ಚನೆ ಗಾಳಿ ಅಟ್ಟದ ಸಂದಿಯಿಂದ ಮೇಲೆ ಹೋಗುತ್ತದೆ, ಅದರ ಜಾಗ ತುಂಬಲು ಬಾಗಿಲ ಕೆಳಗಿನಿಂದ ಚಳಿಗಾಳಿ ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಏಸಿ ಹಾಕಿದಾಗ ಎಲ್ಲಾ ತಿರುಗುಮುರುಗು. ತಂಪು ಗಾಳಿ ಬಾಗಿಲ ಕೆಳಗಿನಿಂದ ಸೋರುತ್ತದೆ, ಅಟ್ಟದ ಬಿಸಿ ಗಾಳಿ ಮೇಲಿನಿಂದ ಇಳಿಯುತ್ತದೆ. ಅಡುಗೆಮನೆಯ ಚಿಮಣಿಯೋ ಬಚ್ಚಲಿನ ಎಕ್ಸಾಸ್ಟ್ ಫ್ಯಾನೋ ಓಡುತ್ತಿದ್ದರಂತೂ ಕೇಳುವುದೇ ಬೇಡ: ಅದು ಹೊರಗೆ ತಳ್ಳಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು, ಬರುವಾಗ ಅಟ್ಟದ ಧೂಳು, ಹಳೇ ಪೇಪರಿನ ವಾಸನೆ, ಇಲಿ ಹಿಕ್ಕೆಯ ನಾತ ಎಲ್ಲವನ್ನೂ ಹೊತ್ತು ತರುತ್ತದೆ.

ಸಂದಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕೋಣ. ಬಾಯಿ 2 ಅಡಿ ಅಗಲ, ನಾಲ್ಕೂವರೆ ಅಡಿ ಉದ್ದ ಅಂದುಕೊಳ್ಳಿ. ಸುತ್ತಳತೆ 13 ಅಡಿ, ಅಂದರೆ 156 ಇಂಚು. ಸುತ್ತಲೂ ಕಾಲು ಇಂಚಿನ ಸಂದಿ ಇದ್ದರೆ ಒಟ್ಟು 39 ಚದರ ಇಂಚು. ಸೀಲಿಂಗ್‌ನಲ್ಲಿ ಆರಿಂಚು ಚೌಕದ ತೂತು ಕೊರೆದು ಯಾರಾದರೂ ಹಾಗೇ ಬಿಟ್ಟು ಹೋಗಿದ್ದರೆ ನೀವು ಸುಮ್ನಿರುತ್ತಿರಲಿಲ್ಲ, ಅಲ್ವಾ?

ಇನ್ನು ಪ್ಲೈವುಡ್ ಮೂಲಕವೇ ಇಳಿಯುವ ಶಾಖ. ಅಟ್ಟ 50 ಡಿಗ್ರಿ, ಕೋಣೆ 26 ಡಿಗ್ರಿ ಅಂತ ಹಿಡಿದರೆ 6 ಮಿ.ಮೀ. ಪ್ಲೈವುಡ್ ದಾಟಿ ಬರುವುದು ಸುಮಾರು 50 ವಾಟ್. ಒಂದೂವರೆ ಟನ್ ಏಸಿ 5,200 ವಾಟ್‌ಗಿಂತ ಜಾಸ್ತಿ ಶಾಖವನ್ನು ಎತ್ತಿ ಹೊರಗೆ ಹಾಕಬಲ್ಲದು. ಅದರ ಮುಂದೆ ಈ 50 ಏನೇನೂ ಅಲ್ಲ. ಅದಕ್ಕೇ ನನ್ನ ಮಾತು ಇಷ್ಟು: ಮೊದಲು ಸಂದಿ ಮುಚ್ಚಿ, ಇನ್ಸುಲೇಷನ್ (ಶಾಖ ತಡೆಯುವ ಹೊದಿಕೆ) ಆಮೇಲೆ. ದಪ್ಪ ಬೋರ್ಡ್ ತಂದು ಹೊದಿಸಿ ಸಂದಿ ಹಾಗೇ ಬಿಟ್ಟರೆ ದುಡ್ಡು ದಂಡ.

ಊದುಬತ್ತಿ ಪರೀಕ್ಷೆ

ಕಿಟಕಿ, ಬಾಗಿಲು ಮುಚ್ಚಿ. ಸೀಲಿಂಗ್ ಫ್ಯಾನ್ ಆರಿಸಿ, ಎಕ್ಸಾಸ್ಟ್ ಹಾಕಿ. ಊದುಬತ್ತಿ ಹಚ್ಚಿ ಮುಚ್ಚಳದ ಅಂಚಿನುದ್ದಕ್ಕೂ ನಿಧಾನವಾಗಿ ಸರಿಸುತ್ತಾ ಹೋಗಿ, ಪರದೆ-ಪೇಪರು ಹತ್ತಿರ ಇರದಂತೆ ನೋಡಿಕೊಳ್ಳಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಅಲ್ಲಿ ಸರಿಯಿದೆ. ಒಮ್ಮೆಲೇ ಮುರಿದು ಕೆಳಕ್ಕೆ ಬಾಗಿದರೆ ಅಲ್ಲಿಂದ ಗಾಳಿ ಬರುತ್ತಿದೆ, ಪೆನ್ಸಿಲ್‌ನಿಂದ ಗುರುತು ಹಾಕಿ. ಕೀಲಿನ ಎದುರಿನ ಎರಡು ಮೂಲೆಗಳಲ್ಲಿ ಹೊಗೆ ಜಾಸ್ತಿ ಕುಣಿಯುತ್ತದೆ, ಯಾಕೆಂದರೆ ಸ್ಪ್ರಿಂಗ್ ಸಡಿಲಾದ ಮುಚ್ಚಳ ಮೊದಲು ಜೋಲುವುದು ಅಲ್ಲೇ.

ಸಾಮಾನು

ಡಿ ಆಕಾರದ ಇಪಿಡಿಎಂ ರಬ್ಬರ್ ಪಟ್ಟಿ (ಹಿಂದೆ ಅಂಟಿರುವಂಥದ್ದು), ಎರಡು ಕೊಂಡಿ, ಅಕ್ರಿಲಿಕ್ ಸೀಲಂಟ್, ಫಾಯಿಲ್ ಟೇಪ್, 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಬೋರ್ಡ್ (ಶಾಖ ತಡೆಯುವ ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಲಗೆ), 12 ಮಿ.ಮೀ. ಪ್ಲೈವುಡ್ ಪಟ್ಟಿಗಳು. ಕೊಂಡಿ, ಪಟ್ಟಿ, ಟೇಪು ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಒಂದೇ ಸುತ್ತಿಗೆ ಮುಗಿಯುತ್ತದೆ, ಪ್ಲೈವುಡ್‌ಗೆ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್. ಬೋರ್ಡ್‌ಗೆ ಮಾತ್ರ ಚಾವಣಿ ಇನ್ಸುಲೇಷನ್ ಮಾರುವವರನ್ನೇ ಹಿಡಿಯಬೇಕು. ಗಣಪತಿ ಅಲಂಕಾರದ ಅಂಗಡಿಗಳಲ್ಲಿ ಥರ್ಮಾಕೋಲ್ ಹುಡುಕಬೇಡಿ, ಅಲಂಕಾರದ ಥರ್ಮಾಕೋಲ್‌ಗೆ ಮಹಾರಾಷ್ಟ್ರದಲ್ಲಿ 2018ರಿಂದ ನಿಷೇಧ ಇದೆ. ಸಿಕ್ಕರೂ ಆ ಹಗುರ ಹಾಳೆ ಈ ಕೆಲಸಕ್ಕೆ ತಾಳುವುದಿಲ್ಲ.

ಇಷ್ಟೆಲ್ಲ ಯಾಕೆ, ಊರಿಂದ ತಂದ ಕೌದಿ ನಾಲ್ಕು ಮಡಿಕೆ ಮಾಡಿ ಹೊದಿಸಿದರೆ ಸಾಲದಾ ಅಂತ ನಮ್ಮ ಧಾರವಾಡ, ಬೆಳಗಾವಿ ಕಡೆಯವರು ಕೇಳಿಯೇ ಕೇಳುತ್ತಾರೆ. ಕೌದಿ ಶಾಖವನ್ನೇನೋ ಸ್ವಲ್ಪ ತಡೆಯುತ್ತದೆ, ಆದರೆ ಗಾಳಿ ಅದರೊಳಗಿಂದಲೇ ಹಾಯುತ್ತದೆ. ಮೇಲಾಗಿ ಇಲಿಗೆ ಬಾಣಂತನದ ಕೋಣೆ ಕಟ್ಟಿಕೊಟ್ಟ ಹಾಗೆ.

ಕೆಲಸ ಶುರು

ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರಿದ ಮೇಲೆ ಅಟ್ಟದಲ್ಲಿ ನಿಲ್ಲಲಾಗದು. ಮಾಸ್ಕ್, ಕೈಗವಸು ಇರಲಿ. ತೊಲೆ ಬಿಟ್ಟು ಬೇರೆ ಕಡೆ ಕಾಲಿಡಬೇಡಿ, ಜಿಪ್ಸಮ್ ಸೀಲಿಂಗ್ ಮನುಷ್ಯನ ಭಾರ ತಡೆಯುವುದಿಲ್ಲ.

ಮೊದಲು ಚೌಕಟ್ಟಿಗೂ ಸೀಲಿಂಗ್‌ಗೂ ನಡುವಿನ ಸಂದಿ. ಇದು ಕೆಳಗಿನಿಂದ ಕಾಣುವುದಿಲ್ಲ, ಅದರ ಮೇಲೆ ಅಲಂಕಾರಕ್ಕೆ ಹೊಡೆದ ಮರದ ಪಟ್ಟಿ ಮರೆಮಾಡಿರುತ್ತದೆ. ಸಣ್ಣದಿದ್ದರೆ ಅಕ್ರಿಲಿಕ್ ಸೀಲಂಟ್ ಸಾಕು. ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ಪಿಯು ಫೋಮ್ (ಸಂದಿಯೊಳಗೆ ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆಯಿರಿ, ಆದರೆ ಕಡಿಮೆ ಉಬ್ಬುವಂಥದ್ದೇ ತನ್ನಿ. ಜೋರಾಗಿ ಉಬ್ಬುವ ಫೋಮ್ ಚೌಕಟ್ಟನ್ನೇ ಒಳಕ್ಕೆ ಬಗ್ಗಿಸುತ್ತದೆ, ಆಮೇಲೆ ಮುಚ್ಚಳ ಮುಚ್ಚುವುದೇ ಇಲ್ಲ. ಕೈಗೆ ಅಂಟಿದರೆ ಸುಲಭಕ್ಕೆ ಬಿಡುವುದೂ ಇಲ್ಲ.

ಆಮೇಲೆ ರಬ್ಬರ್ ಪಟ್ಟಿ. ಇಲ್ಲಿ ಅವಸರ ಬೇಡ. ಮುಚ್ಚಳ ಬಂದು ಕೂರುವ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ ಹಾಕಿ ಇನ್ನೊಮ್ಮೆ ಒರೆಸಿ. ಧೂಳಿನ ಮೇಲೆ ಅಂಟಿಸಿದ ಪಟ್ಟಿ ಮಳೆಗಾಲ ಬರುವಷ್ಟರಲ್ಲಿ ನೇತಾಡುತ್ತದೆ. ಅಂಟಿಸುವಾಗ ಎಳೆಯಬೇಡಿ, ಎಳೆದರೆ ಅದು ಮತ್ತೆ ಕುಗ್ಗಿ ಮೂಲೆಗಳಲ್ಲಿ ಸಂದಿ ಬಿಡುತ್ತದೆ. ಮೂಲೆಯಲ್ಲಿ ಮಡಚದೆ ಕತ್ತರಿಸಿ, ಎರಡು ತುದಿಗಳನ್ನೂ ಒತ್ತಾಗಿ ಸೇರಿಸಿ. ಮುಚ್ಚಿದಾಗ ಪಟ್ಟಿ ಅದರ ದಪ್ಪದ ಅರ್ಧದಷ್ಟು ಒತ್ತಿಕೊಳ್ಳಬೇಕು. ಒಂದು ಹಾಳೆ ಕಾಗದ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ, ಸಲೀಸಾಗಿ ಜಾರಿ ಬಂದರೆ ಆ ಜಾಗ ಇನ್ನೂ ಸಡಿಲ.

ಸ್ಪ್ರಿಂಗ್ ಒಂದನ್ನೇ ನಂಬಬೇಡಿ. ಕೀಲಿನ ಎದುರು ಬದಿಯ ಎರಡು ಮೂಲೆಗಳಿಗೆ ಒಂದೊಂದು ಕೊಂಡಿ ಹಾಕಿದರೆ ಮುಚ್ಚಳ ಪಟ್ಟಿಗೆ ಒತ್ತಿ ನಿಲ್ಲುತ್ತದೆ. ಬಾಡಿಗೆ ಮನೆಯವರು ಇಲ್ಲಿಗೇ ನಿಲ್ಲಿಸಿದರೂ ಮುಕ್ಕಾಲು ಕೆಲಸ ಆದಂತೆ.

ಮೇಲಿನ ಡಬ್ಬಿ

ಇನ್ನು ಇನ್ಸುಲೇಷನ್. ಮಡಚಿದ ಏಣಿಯ ಮೇಲೆ ಕವುಚಿ ಹಾಕುವ ಒಂದು ಹಗುರ ಡಬ್ಬಿ, ನಾಲ್ಕು ಗೋಡೆ, ಒಂದು ತಲೆ. ಏಣಿ ಮಡಚಿದಾಗ ಎಷ್ಟು ಎತ್ತರ ಬರುತ್ತದೆ ಅಂತ ಅಳೆದು ಅದಕ್ಕೆ ಎರಡು ಇಂಚು ಸೇರಿಸಿ. ಎಕ್ಸ್‌ಪಿಎಸ್ ಬೋರ್ಡ್ ಸಾಮಾನ್ಯವಾಗಿ ನಾಲ್ಕಡಿ ಚಿಲ್ಲರೆ ಉದ್ದ, ಎರಡಡಿ ಅಗಲ ಬರುವುದರಿಂದ ತಲೆಗೆ ಜೋಡು ಹಾಕಲೇಬೇಕಾಗುತ್ತದೆ. ಜೋಡಿನ ಕೆಳಗೆ ಒಂದು ಪ್ಲೈವುಡ್ ಪಟ್ಟಿ ಕೊಡಿ. ಹೊಸ ಬ್ಲೇಡಿನಿಂದ ಅರ್ಧ ಆಳ ಗೀರಿ ಮುರಿದರೆ ಬೋರ್ಡ್ ನೀಟಾಗಿ ಒಡೆಯುತ್ತದೆ.

ಅಂಟು ಆರಿಸುವಾಗ ಜೋಪಾನ. ಲ್ಯಾಮಿನೇಟ್‌ಗೆ ಹಚ್ಚುವ ಹಳದಿ ರಬ್ಬರ್ ಅಂಟು, ಥಿನ್ನರ್, ಪೆಟ್ರೋಲ್ ಇವು ಪಾಲಿಸ್ಟೈರೀನನ್ನು ಕರಗಿಸುತ್ತವೆ, ಹಚ್ಚಿದ ಕಡೆ ಬೋರ್ಡ್ ನೋಡನೋಡುತ್ತಲೇ ಗುಳಿ ಬೀಳುತ್ತದೆ. ಸುತಾರರು (ಬಡಗಿಗಳು) ಅಭ್ಯಾಸಬಲದಿಂದ ಅದೇ ಅಂಟಿನ ಡಬ್ಬಿ ತೆಗೆಯುತ್ತಾರೆ, ತಡೆಯಿರಿ. ದ್ರಾವಕ ಇಲ್ಲದ, ಫೋಮ್ ಬೋರ್ಡ್‌ಗೆ ಅಂತಲೇ ಬರುವ ಅಂಟು ಕೇಳಿ. ಒಣಗಿದ ಮೇಲೆ ಎಲ್ಲಾ ಜೋಡುಗಳಿಗೂ ಫಾಯಿಲ್ ಟೇಪ್.

ಬಾಯಿಯ ಸುತ್ತ ಅಟ್ಟದ ನೆಲದ ಮೇಲೆ ಪ್ಲೈವುಡ್ ಪಟ್ಟಿ ಹೊಡೆದು ಸಮತಟ್ಟು ಅಂಚು ಮಾಡಿ, ಡಬ್ಬಿ ಕೂರುವ ಕಡೆ ಮತ್ತೆ ರಬ್ಬರ್ ಪಟ್ಟಿ. ಡಬ್ಬಿಯ ಒಳಗಡೆ ಒಂದು ಹಿಡಿಕೆ ಇಟ್ಟರೆ ಏಣಿ ಮೇಲೆ ನಿಂತು ಒಂದೇ ಕೈಯಲ್ಲಿ ಸರಿಸಬಹುದು. 50 ಮಿ.ಮೀ. ಎಕ್ಸ್‌ಪಿಎಸ್ ಶಾಖ ತಡೆಯುವುದು ಆ ತೆಳು ಪ್ಲೈವುಡ್‌ಗಿಂತ 30 ಪಟ್ಟು ಜಾಸ್ತಿ. ಮೊದಲು ಲೆಕ್ಕ ಹಾಕಿದ 50 ವಾಟ್ ಈಗ 10ರ ಆಸುಪಾಸಿಗೆ ಇಳಿಯುತ್ತದೆ.

ಕೆಲವು ಎಚ್ಚರಿಕೆಗಳು. ಪಿವಿಸಿ ವೈರು ಪಾಲಿಸ್ಟೈರೀನ್‌ಗೆ ತಾಗಿಕೊಂಡಿದ್ದರೆ ವೈರಿನ ಮೆದುತನ ಕೊಡುವ ಪದಾರ್ಥ ನಿಧಾನವಾಗಿ ಬೋರ್ಡ್‌ಗೆ ಇಳಿದು ವೈರು ಪೆಡಸಾಗಿ ಬಿರುಕು ಬಿಡುತ್ತದೆ, ಹಾಗಾಗಿ ವೈರನ್ನು ಪೈಪಿನೊಳಗೆ ಹಾಕಿಸಿ ಅಥವಾ ದೂರ ಸರಿಸಿ. ಈ ಬೋರ್ಡ್ ಬೆಂಕಿಗೆ ಉರಿಯುವಂಥದ್ದು, ಸೀಲಿಂಗ್ ಲೈಟುಗಳ ಬೆನ್ನಿನ ಮೇಲೆ ಹೊದಿಸಲೇಬೇಡಿ. ಹೆಂಚು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಅಟ್ಟದ ತ್ರಿಕೋನ ಗೋಡೆಯ ಜಾಲರಿ ಮಾತ್ರ ಮುಚ್ಚಬೇಡಿ. ಮುಚ್ಚಬೇಕಾದ್ದು ಮನೆಗೂ ಅಟ್ಟಕ್ಕೂ ನಡುವಿನ ದಾರಿ, ಅಟ್ಟಕ್ಕೂ ಹೊರಗಿನ ಗಾಳಿಗೂ ಇರುವುದನ್ನಲ್ಲ. ಜಾಲರಿ ಮುಚ್ಚಿದರೆ ಜುಲೈ ತೇವಕ್ಕೆ ಮರ ಬೂಸ್ಟು ಹಿಡಿಯುತ್ತದೆ.

ಎಷ್ಟು ಉಳಿಯುತ್ತದೆ?

ಕರೆಂಟ್ ಬಿಲ್ಲು ಅರ್ಧ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಗಲೂ ರಾತ್ರಿ ಕಿಟಕಿ ತೆರೆದಿಡುವ ಮನೆಯಲ್ಲಿ ಇದರಿಂದ ಉಳಿತಾಯವೇ ಇಲ್ಲ. ಏಣಿಬಾಯಿ ಪ್ಯಾಸೇಜಿನಲ್ಲಿದ್ದು ಏಸಿ ಇರುವ ಬೆಡ್‌ರೂಮಿನ ಬಾಗಿಲು ಮುಚ್ಚಿಯೇ ಇರುತ್ತದೆ ಅಂದರೆ ಮೊದಲು ಆ ಬಾಗಿಲ ಕೆಳಗೆ ಬ್ರಷ್ ಪಟ್ಟಿ ಹಾಕಿ. ಬಾಯಿ ಇರುವ ಕೋಣೆಯಲ್ಲೇ ಏಸಿ ಓಡುತ್ತಿದ್ದರೆ ಲಾಭ ಬೇರೆ ದಾರಿಯಿಂದ ಬರುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಏಸಿಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ ಇಂಧನ ದಕ್ಷತಾ ಬ್ಯೂರೋ ನಿಯಮ ಮಾಡಿದೆ, ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಅನ್ನುವುದು ಅದರದೇ ಲೆಕ್ಕ. ತಲೆ ಮೇಲಿನ ಧಗೆ ಕಡಿಮೆಯಾದರೆ ಫ್ಯಾನ್ ಜೊತೆ 26ಕ್ಕೆ ಇಟ್ಟರೂ ನಿದ್ದೆ ಬರುತ್ತದೆ.

ರಬ್ಬರ್ ಪಟ್ಟಿ ಒತ್ತಡಕ್ಕೆ ಚಪ್ಪಟೆಯಾಗುತ್ತಾ ಹೋಗುತ್ತದೆ. ಪ್ರತಿ ವರ್ಷ ಹೋಳಿ ಹೊತ್ತಿಗೆ ಊದುಬತ್ತಿ ಹಿಡಿದು ಇನ್ನೊಮ್ಮೆ ನೋಡಿ, ಹೊಗೆ ಬಾಗಿದ ಕಡೆಯಷ್ಟೇ ಪಟ್ಟಿ ಬದಲಿಸಿ.