ಕಿವಿ ಒಣಗಿತು, ಕೇಳಿಸುವುದರ ಕಥೆ ಏನು?

ಸೋರುವ ಕಿವಿಗೆ ಆಪರೇಷನ್ ಮಾಡಿಸಲು ಬರುವವರು ನಮ್ಮ ದಾವಣಗೆರೆ, ಹಾವೇರಿ ಕಡೆ ಕೇಳುವುದು ಒಂದೇ ಪ್ರಶ್ನೆ: ‘ಸರ, ಆಮ್ಯಾಲ ಕಿವಿ ಚಲೋ ಕೇಳಸ್ತತೇನ್ರಿ?’ ಕಿವಿ-ಮೂಗು-ಗಂಟಲು ಡಾಕ್ಟರಾದ ನನ್ನ ಲೆಕ್ಕ ಬೇರೆ. ಮೊದಲು ರೋಗ ಪೂರ್ತಿ ಹೋಗಬೇಕು. ಆಮೇಲೆ ಕಿವಿ ಒಣಗಬೇಕು. ಕೇಳಿಸುವುದು ಮೂರನೆಯದು. ಇದನ್ನು ಮುಂಚೆಯೇ ಬಿಡಿಸಿ ಹೇಳದಿದ್ದರೆ, ಆಪರೇಷನ್ ಚೆನ್ನಾಗಿ ಆದ ಮೇಲೂ ಪೇಷೆಂಟ್ ಬೇಜಾರು ಮಾಡಿಕೊಂಡೇ ಮನೆಗೆ ಹೋಗುತ್ತಾರೆ.

ಅದಕ್ಕೇ ಮೊದಲ ಸಲ ಬಂದಾಗಲೇ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಕೈಗೆತ್ತಿಕೊಳ್ಳುತ್ತೇನೆ. ಮೊಣಕೈಗೆ ತಟ್ಟಿ, ಹಣೆಯ ನಡುವೆ ಇಟ್ಟು, ‘ಯಾವ ಕಿವಿಯಲ್ಲಿ ಜಾಸ್ತಿ ಕೇಳಿಸ್ತದೆ?’ ಅನ್ನುತ್ತೇನೆ. ಬಹಳ ಜನ ಕೆಟ್ಟ ಕಿವಿಯನ್ನೇ ತೋರಿಸುತ್ತಾರೆ. ಆಮೇಲೆ ಗಲಿಬಿಲಿಯಾಗಿ, ಅದು ಹೇಗಾದೀತು ಅಂತ ಒಳ್ಳೆ ಕಿವಿಗೆ ಬೆರಳು ಬದಲಿಸುವವರೂ ಇದ್ದಾರೆ. ನಮಗೆ ಬೇಕಾಗಿದ್ದು ಮೊದಲು ತೋರಿಸಿದ್ದೇ. ಶಬ್ದ ತಡೆದು ನಿಂತಿರುವುದು ಕಿವಿಯ ತಮಟೆ ಅಥವಾ ಅದರ ಹಿಂದಿನ ಮೂರು ಪುಟ್ಟ ಮೂಳೆಗಳ ದಾರಿಯಲ್ಲಿ, ಒಳಗಿವಿಯಲ್ಲಿ ಜೀವ ಇದೆ ಅಂತ ಅರ್ಥ. ದಾರಿಯನ್ನು ರಿಪೇರಿ ಮಾಡಬಹುದು. ನರವೇ ಹೋಗಿದ್ದರೆ ಈ ಆಪರೇಷನ್ನಿಂದ ಅದು ವಾಪಸ್ ಬರುವುದಿಲ್ಲ. ಕಿವಿ ಎಷ್ಟು ಕೇಳಿಸುತ್ತದೆ ಎಂಬುದರ ನಕ್ಷೆಯಾದ ಆಡಿಯೋಗ್ರಾಂ ಇದನ್ನೇ ಡೆಸಿಬಲ್ ಲೆಕ್ಕದಲ್ಲಿ ತೋರಿಸುತ್ತದೆ, ಆದರೆ ಹಳ್ಳಿಯಿಂದ ಬಂದವರಿಗೆ ಆ ಗೆರೆಗಳಿಗಿಂತ ಫೋರ್ಕ್ ಬೇಗ ಅರ್ಥವಾಗುತ್ತದೆ.

ತಮಟೆಯ ನಡುವೆ ತೂತು, ನೆಗಡಿಯಾದಾಗಲೆಲ್ಲ ಲೋಳೆಯಂಥ ನೀರು, ಅದರಲ್ಲಿ ವಾಸನೆ ಕಡಿಮೆ. ಇಂಥ ಕಿವಿಯ ಆಪರೇಷನ್ ಸುಲಭದ್ದು. ಕಿವಿಯ ಮೇಲುಗಡೆ, ಕಣತಲೆಯ ಸ್ನಾಯುವನ್ನು ಮುಚ್ಚಿರುವ ತೆಳು ಪೊರೆಯ ಒಂದು ಚೂರು ತೆಗೆಯುತ್ತೇವೆ. ಅದನ್ನು ಹರಡಿ, ಅಂಟಿರುವ ಸ್ನಾಯುವನ್ನು ಕೆರೆದು ಒಣಗಲು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಗರಿಗರಿಯಾಗುತ್ತದೆ. ಹಸಿ ಪೊರೆ ಮುದುಡಿಕೊಳ್ಳುತ್ತದೆ, ಒಣಗಿದ್ದನ್ನು ತಮಟೆಯ ಕೆಳಗೆ ತೂರಿಸಿ ಹಾಸುವುದು ಸಲೀಸು. ಪೊರೆ ಹಿಡಿದುಕೊಳ್ಳುವುದು ಹತ್ತರಲ್ಲಿ ಎಂಟೊಂಬತ್ತು ಮಂದಿಯಲ್ಲಿ. ತೂತು ದೊಡ್ಡದಿದ್ದರೆ, ಮೂಗಿನ ಹಿಂಬದಿಯಿಂದ ಕಿವಿಗೆ ಗಾಳಿ ಹೋಗುವ ನಳಿಕೆ ಸರಿಯಿಲ್ಲದಿದ್ದರೆ ನಾನು ಪೊರೆಯನ್ನಷ್ಟೇ ನಂಬುವುದಿಲ್ಲ. ಕಿವಿಯ ತೂತಿನ ಮುಂದಿರುವ ಸಣ್ಣ ಉಬ್ಬಿನಿಂದ ಮೃದ್ವಸ್ಥಿ ತೆಗೆದು, ತೆಳ್ಳಗೆ ಸೀಳಿ ಹಾಕುತ್ತೇನೆ. ಅದು ಒಳಗೆ ಕುಸಿಯುವುದು ಕಡಿಮೆ. ದಪ್ಪಗಿದೆಯಲ್ಲ, ಕೇಳಿಸಲು ತೊಂದರೆ ಆಗಲ್ವಾ ಅಂತ ಹೊಸ ಡಾಕ್ಟರುಗಳು ಕೇಳುತ್ತಾರೆ. ತೆಳ್ಳಗೆ ಸೀಳಿದ್ದರೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ.

ಈ ಗುಂಪಿನವರಲ್ಲಿ ಮೂರೂ ಮೂಳೆಗಳು ಅಲುಗಾಡುತ್ತಿದ್ದರೆ ಕೇಳಿಸುವುದೂ ಸುಧಾರಿಸುತ್ತದೆ. ಆದರೆ ಮೊದಲ ವಾರಗಳಲ್ಲಿ ಕಿವಿ ಮುಂಚಿಗಿಂತ ಮಂದ ಅನ್ನಿಸುತ್ತದೆ, ಒಳಗೆ ಜೆಲ್‌ಫೋಮ್ ಎಂಬ, ತಾನೇ ಕರಗುವ ಸ್ಪಂಜು ತುಂಬಿರುತ್ತದೆ. 3 ತಿಂಗಳಿಗೆ ಮುಂಚೆ ಆಡಿಯೋಗ್ರಾಂ ಮಾಡಿಸಿ ಚಿಂತೆ ಮಾಡುವುದು ಸುಮ್ನೆ.

ಕಷ್ಟ ಇರುವುದು ಇನ್ನೊಂದು ಬಗೆಯಲ್ಲಿ. ಸೋರುವುದು ಸ್ವಲ್ಪವೇ, ಆದರೆ ಪಕ್ಕದಲ್ಲಿ ಕೂತವರಿಗೂ ನಾರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಮಟೆಯ ಮೇಲ್ಭಾಗದಲ್ಲಿ ಬಿಳಿ ಚರ್ಮದ ಚೂರುಗಳು. ಇದಕ್ಕೆ ಕೊಲೆಸ್ಟಿಯಾಟೋಮಾ ಅನ್ನುತ್ತೇವೆ. ಕ್ಯಾನ್ಸರ್ ಅಲ್ಲ, ಆದರೆ ಪಕ್ಕದ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಮೂರು ಮೂಳೆಗಳಲ್ಲಿ ನಡುವಿನದಾದ ಅಡಿಗಲ್ಲು ಮೂಳೆಯ ಉದ್ದನೆ ಕಾಲು ಸಾಮಾನ್ಯವಾಗಿ ಮೊದಲು ಸವೆಯುತ್ತದೆ. ಬಿಟ್ಟರೆ ಮುಖದ ನರ, ಒಳಗಿವಿ, ಕೊನೆಗೆ ಮೆದುಳಿನವರೆಗೂ ಕೀವು ಹೋಗಬಹುದು. ಇಲ್ಲಿ ಆಪರೇಷನ್ ಬೇಕೋ ಬೇಡವೋ ಎಂಬ ಚರ್ಚೆಗೆ ಹೆಚ್ಚು ಜಾಗ ಇಲ್ಲ.

ಇದರಲ್ಲೇ ಒಂದು ವಿಚಿತ್ರ ಇದೆ. ಕೆಲವರಿಗೆ ಮೂಳೆ ಸವೆದು ಸರಪಳಿ ತುಂಡಾಗಿದ್ದರೂ ಆಡಿಯೋಗ್ರಾಂ ಸುಮಾರು ಚೆನ್ನಾಗಿಯೇ ಇರುತ್ತದೆ. ಯಾಕೆಂದರೆ ತುಂಡಾದ ಜಾಗದಲ್ಲಿ ಆ ರೋಗದ ಗಡ್ಡೆಯೇ ಕೂತು ಶಬ್ದವನ್ನು ದಾಟಿಸುತ್ತಿರುತ್ತದೆ. ರೋಗ ತೆಗೆದ ದಿನವೇ ಶಬ್ದದ ದಾರಿಯೂ ಹೋಯಿತು! ಇಂಥವರಿಗೆ ನಾನು ನೇರವಾಗಿ ಹೇಳುತ್ತೇನೆ: ಈಗ ಕೇಳಿಸುವಷ್ಟು ಆಮೇಲೆ ಕೇಳಿಸದಿರಬಹುದು, ಆದರೂ ಮಾಡಿಸಿಕೊಳ್ಳಿ. ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಕಿವಿ ಪೂರ್ತಿ ಕಿವುಡಾಗುವ ಅಪಾಯ ನೂರಕ್ಕೆ ಒಂದರ ಆಸುಪಾಸು ಎಂಬುದನ್ನೂ ಆಗಲೇ ಹೇಳಬೇಕು, ಸಹಿ ಹಾಕಿಸುವ ಗಡಿಬಿಡಿಯಲ್ಲಿ ಅಲ್ಲ.

ಕಿವಿನಾಳದ ಹಿಂಗೋಡೆಯನ್ನು ಉಳಿಸಬೇಕೋ ತೆಗೆಯಬೇಕೋ ಎಂಬುದು ನಮ್ಮವರಲ್ಲಿ ಮುಗಿಯದ ಜಗಳ. ಉಳಿಸಿದರೆ ಕಿವಿ ಮಾಮೂಲಿನಂತೆ ಇರುತ್ತದೆ, ಆದರೆ ರೋಗ ಹಿಂದೆ ಅಡಗಿ ಮತ್ತೆ ಬೆಳೆಯುವುದು ಜಾಸ್ತಿ. ಸುಮಾರು ಒಂದು ವರ್ಷದ ಮೇಲೆ ಮತ್ತೊಮ್ಮೆ ತೆರೆದು ನೋಡಬೇಕು, ಇಲ್ಲವೇ ವಿಶೇಷ ಬಗೆಯ ಎಂಆರ್‌ಐ ಮಾಡಿಸಬೇಕು. ಆ ಸ್ಕ್ಯಾನ್‌ಗೂ 3 ಮಿಲಿಮೀಟರ್‌ಗಿಂತ ಚಿಕ್ಕದು ಸರಿಯಾಗಿ ಸಿಗುವುದಿಲ್ಲ. ಗೋಡೆ ತೆಗೆದರೆ ದೊಡ್ಡ ಕುಳಿ ಉಳಿಯುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಬಂದು ಕ್ಲೀನ್ ಮಾಡಿಸಬೇಕು, ಅದೂ ಜೀವನಪೂರ್ತಿ. ತಣ್ಣೀರು ಹೋದರೆ ತಲೆಸುತ್ತು. ಚಳಿಗಾಲದ ಬೆಳಿಗ್ಗೆ ಬೈಕಿನಲ್ಲಿ ಹೋಗುವಾಗ ಗಾಳಿ ಬಡಿದು ತಲೆ ಗಿರ್ ಅಂದಿತು ಅಂತ ಹೇಳುವವರಿದ್ದಾರೆ. ಮಕ್ಕಳಲ್ಲಿ ಸಾಧ್ಯವಾದಷ್ಟು ಗೋಡೆ ಉಳಿಸುತ್ತೇನೆ. ಆದರೆ ಬಿತ್ತನೆ, ಕೊಯ್ಲು ಅಂತ ವರ್ಷಗಟ್ಟಲೆ ಈ ಕಡೆ ತಲೆ ಹಾಕದ ರೈತರಿಗೆ ಗೋಡೆ ತೆಗೆದು, ಹೊರಬಾಯಿ ಅಗಲ ಮಾಡುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದ ಸಹೋದ್ಯೋಗಿಗಳು ಇದ್ದಾರೆ, ಇರಲಿ.

ಆಪರೇಷನ್ ದಿನ ಸಂಜೆ ವಾರ್ಡಿಗೆ ಹೋಗಿ ಎರಡು ಕೆಲಸ ಮಾಡುತ್ತೇನೆ. ‘ಕಣ್ಣು ಗಟ್ಟಿ ಮುಚ್ಚಿ, ಹಲ್ಲು ತೋರಿಸಿ’ ಅಂತ ಮುಖದ ನರ ನೋಡುವುದು ಒಂದು. ಮತ್ತೆ ಹಣೆಗೆ ಅದೇ ಫೋರ್ಕ್ ಇಡುವುದು ಇನ್ನೊಂದು. ಪಟ್ಟಿ ಕಟ್ಟಿದ ಕಿವಿಯಲ್ಲಿ ಕೇಳಿಸಿದರೆ ಒಳಗಿವಿ ಸರಿಯಾಗಿದೆ, ಆ ರಾತ್ರಿ ನನಗೂ ನಿದ್ದೆ ಬರುತ್ತದೆ.

ರುಚಿಯ ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಾಲಿಗೆಯಿಂದ ರುಚಿ ಒಯ್ಯುವ ಸಣ್ಣ ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ. ಅದನ್ನು ಸ್ವಲ್ಪ ಎಳೆದರೂ ಒಂದು ಕಡೆ ನಾಲಿಗೆ ಜೋಮು ಹಿಡಿದಂತಾಗುತ್ತದೆ. ‘ತಾಮ್ರದ ಚೊಂಬು ನೆಕ್ಕಿದಂಗ ಆಕ್ಕತ್ರಿ’ ಅಂದರು ಒಬ್ಬ ಅಜ್ಜಿ. ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನೇ ಕಡಿಮೆಯಾಗುತ್ತದೆ.

ಇನ್ನು ಫಲಿತಾಂಶದ ಲೆಕ್ಕ. ಕಿವಿ ಒಣಗಿತೋ, ಪೇಷೆಂಟ್ ಮಾಯ. ಬರುವವರನ್ನಷ್ಟೇ ಎಣಿಸಿ ಇಷ್ಟು ಮಂದಿಗೆ ಸರಿಹೋಯಿತು ಅಂತ ಹೇಳಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಕೊಲೆಸ್ಟಿಯಾಟೋಮಾ ವರ್ಷಗಳ ಮೇಲೂ ತಲೆ ಎತ್ತುತ್ತದೆ. ಹಾಗಾಗಿ ಬಾರದವರಿಗೆ ನಮ್ಮ ಸಿಸ್ಟರ್ ಫೋನ್ ಮಾಡುತ್ತಾರೆ. ಹೋಗುವಾಗ ಕೊಡುವ ಚೀಟಿಯಲ್ಲಿ ಔಷಧಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ: ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಹಚ್ಚಿದ ಹತ್ತಿ ಇಡಿ. ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಮತ್ತೆ ವಾಸನೆಯ ಕೀವು ಬಂದರೆ ಎರಡು ದಿನದೊಳಗೆ ಬನ್ನಿ. ತಲೆಸುತ್ತು ಬಂದರೆ, ಮುಖ ಸೊಟ್ಟಗಾದರೆ, ಜ್ವರದ ಜೊತೆ ತಲೆನೋವು ವಿಪರೀತವಾದರೆ ಅವತ್ತೇ ಬನ್ನಿ, ರಾತ್ರಿಯಾದರೂ ಸರಿ.