ಎಲೆ ಅಡುಗೆ ಮಾಡಿದೆಯೇ? ಅಯೋಡಿನ್ ಪರೀಕ್ಷೆ ಕೆಡದಂತೆ ಮಾಡುವ ಬಗೆ

ಎಲೆ ಬಿಸಿಲಿನ ಬಲದಿಂದ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಬಳಸಿ ಸಕ್ಕರೆ ತಯಾರಿಸುತ್ತದೆ. ಖರ್ಚಾಗದೆ ಉಳಿದ ಸಕ್ಕರೆ ಬಹುತೇಕ ಗಿಡಗಳ ಎಲೆಯಲ್ಲಿ ಪಿಷ್ಟವಾಗಿ ಕೂಡುತ್ತದೆ. ಅಯೋಡಿನ್ ತೋರಿಸುವುದು ಈ ಪಿಷ್ಟವನ್ನಷ್ಟೇ: ಪಿಷ್ಟವಿದ್ದಲ್ಲಿ ಕಡುನೀಲಿ, ಇಲ್ಲದಲ್ಲಿ ಕಂದುಹಳದಿ. ಈರುಳ್ಳಿ ಎಲೆ ಪಿಷ್ಟ ಕೂಡಿಡುವುದಿಲ್ಲ, ಅದನ್ನು ಆರಿಸಬೇಡಿ. ಕುಂಡದ ದಾಸವಾಳ ಸಾಕು.

ಗಿಡವನ್ನು 48 ಗಂಟೆ ಕತ್ತಲ ಕೋಣೆಯಲ್ಲಿಡಿ. ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಅವಸರ ಮಾಡಿದರೆ ಹಳೆಯ ಪಿಷ್ಟ ಉಳಿದು, ಮುಂದೆ ಬೆಳಕು ಬೀಳದಂತೆ ಮುಚ್ಚುವ ಭಾಗವೂ ನೀಲಿಯಾಗುತ್ತದೆ. ಅನುಮಾನವಿದ್ದರೆ ಒಂದೆಲೆ ಕಿತ್ತು ಮೊದಲೇ ಪರೀಕ್ಷಿಸಿ. ಅದು ಕಂದುಹಳದಿಯಾಗಿಯೇ ಉಳಿಯಬೇಕು.

ಈಗ ಗಿಡದಲ್ಲೇ ಇರುವ ಒಂದು ಎಲೆಯ ಸ್ವಲ್ಪ ಭಾಗಕ್ಕೆ ಎರಡೂ ಬದಿ ಕಪ್ಪು ಕಾಗದ ಇಟ್ಟು ಕ್ಲಿಪ್ ಹಾಕಿ. ಪಠ್ಯಪುಸ್ತಕದ ವಿಧಾನ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಕಾಗದ ಬೆಳಕಿನ ಜೊತೆ ಗಾಳಿಯನ್ನೂ ತಡೆಯುತ್ತದಲ್ಲ? ಅದಕ್ಕೇ ಪಕ್ಕದಲ್ಲಿ ಅಷ್ಟೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಚೂರುಗಳನ್ನೂ ಹಾಗೆಯೇ ಸಿಕ್ಕಿಸಿ. ಅದರಡಿ ನೀಲಿ ಬಂದು ಕಾಗದದಡಿ ಬಾರದಿದ್ದರೆ, ಕೊರತೆ ಬೆಳಕಿನದೇ. ಗಿಡವನ್ನು 4ರಿಂದ 6 ಗಂಟೆ ಒಳ್ಳೆಯ ಬಿಸಿಲಲ್ಲಿಡಿ.

ಎಲೆ ಕಿತ್ತು, ಕಾಗದ ಎಲ್ಲಿತ್ತೆಂದು ಗುರುತು ಮಾಡಿಕೊಂಡು, ಕುದಿಯುವ ನೀರಲ್ಲಿ 1–2 ನಿಮಿಷ ಅದ್ದಿ. ಜೀವಕೋಶದ ಪೊರೆಗಳು ಒಡೆದರೆ ಅಯೋಡಿನ್ ಒಳಗಿಳಿಯುತ್ತದೆ. ಮುಂದಿನದು ಅಪಾಯದ ಹಂತ, ಮಕ್ಕಳಿದ್ದರೆ ದೊಡ್ಡವರೇ ಮಾಡಲಿ: ಒಲೆ ಆರಿಸಿ, ಆಮೇಲಷ್ಟೇ ಸ್ಪಿರಿಟ್ (ಆಲ್ಕೋಹಾಲ್) ಬಾಟಲಿ ತೆರೆಯಿರಿ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ನೇರ ಉರಿಯ ಮೇಲೆ ಎಂದೂ ಬೇಡ. ಎಲೆ ಮುಳುಗುವಷ್ಟು ಸ್ಪಿರಿಟನ್ನು ಗಾಜಿನ ಪ್ರನಾಳಕ್ಕೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ, ಬಾಯಿ ಮುಚ್ಚಬೇಡಿ, ಕಿಟಕಿ ತೆರೆದಿಡಿ. ಸುಮಾರು 10 ನಿಮಿಷದಲ್ಲಿ ಪತ್ರಹರಿತ್ತು (ಹಸಿರು ಬಣ್ಣ) ಕರಗಿ ಎಲೆ ಬಿಳಚಿಕೊಳ್ಳುತ್ತದೆ. ಹಸಿರು ಉಳಿದಿದ್ದರೆ ನೀರು ಆರಿದೆ ಎಂದರ್ಥ, ಬಿಸಿನೀರು ಬದಲಿಸಿ.

ಸ್ಪಿರಿಟ್‌ನಿಂದ ತೆಗೆದ ಎಲೆ ಹಪ್ಪಳದಂತೆ ಮುರಿಯುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿ ಮೆತ್ತಗಾಗಿಸಿ, ಬಿಳಿ ತಟ್ಟೆಯಲ್ಲಿ ಹರಡಿ, ಪೂರ್ತಿ ತಣಿಯಲು ಬಿಡಿ. ಬಿಸಿಯಿದ್ದಾಗ ನೀಲಿ ಬಣ್ಣ ನಿಲ್ಲುವುದಿಲ್ಲ. ಹಾಲಿಲ್ಲದ ಚಹಾದ ಬಣ್ಣ ಬರುವಷ್ಟು ತೆಳುಮಾಡಿದ ಅಯೋಡಿನ್ ದ್ರಾವಣ ಹನಿಸಿ, 2–3 ನಿಮಿಷ ಕಾಯಿರಿ. ಬೆಳಕು ಬಿದ್ದಲ್ಲಿ ಕಡುನೀಲಿ, ಕಪ್ಪು ಕಾಗದವಿದ್ದಲ್ಲಿ ಕಂದುಹಳದಿ. ಅಯೋಡಿನ್ ಗಟ್ಟಿಯಾಗಿದ್ದರೆ ಎಲ್ಲವೂ ಕಪ್ಪಗೆ ಕಂಡು ವ್ಯತ್ಯಾಸವೇ ತಿಳಿಯದು. ಆಗ ತಣ್ಣೀರಲ್ಲಿ ತೊಳೆದು ಮತ್ತೆ ನೋಡಿ.