ವಿದೇಶದಲ್ಲಿ ಓದು ಮುಗಿಸಿ ಕಲಬುರಗಿಗೆ ಮರಳುವ ಮುನ್ನ

ಕೊನೆಯ ಪರೀಕ್ಷೆಗೂ ವಿಮಾನಕ್ಕೂ ನಡುವೆ 10 ದಿನವಾದರೂ ಇರಲಿ. ಪದವಿ ಪ್ರಮಾಣಪತ್ರದ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ) ಪ್ರಮಾಣಪತ್ರ ಕೊಟ್ಟ ದೇಶದಲ್ಲೇ ಆಗಬೇಕು. ಊರಿಗೆ ಬಂದ ಮೇಲೆ ನೆನಪಾದರೆ ಕೊರಿಯರ್ ಹಿಂದೆ ಅಲೆದಾಟ. ಬಾಡಿಗೆ ಮನೆಯ ಠೇವಣಿ ಕೈಸೇರುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ. ಇಲ್ಲಿ ಎನ್‌ಆರ್‌ಒ ಖಾತೆ (ಅನಿವಾಸಿಗಳ ರೂಪಾಯಿ ಖಾತೆ) ಇದ್ದರೆ, ಬಂದಕೂಡಲೇ ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಿ.

ಜನ ಮರೆಯುವುದು ಇನ್ನೊಂದನ್ನು: ಅಲ್ಲಿ ಕಳೆದ ದಿನಗಳ ಅನುಭವವನ್ನು ಕೂತು ಬರೆಯುವುದು. ಮನೆ ಸೇರಿದ ಮರುದಿನವೇ "ಪಗಾರ ಎಷ್ಟ್ ಬರ್ತದ? ಅಲ್ಲೇ ಯಾಕ ಇರ್ಲಿಲ್ಲ?" ಶುರುವಾಗುತ್ತದೆ. ಒಂದೇ ಉತ್ತರ ಹತ್ತು ಸಲ ಹೇಳಿದರೆ ನಿಮಗೂ ಅಷ್ಟೇ ನೆನಪುಳಿಯುತ್ತದೆ. ಹಾಗಾಗಿ ಹೊರಡುವ ಮುಂಚೆ 20 ನಿಮಿಷದಂತೆ ಎರಡು ಸಲ ಬರೆಯಿರಿ. "ಬಹಳ ಕಲಿತೆ" ಎಂಬ ಸಾಲು ದಂಡ, ಸಂದರ್ಶನಕ್ಕೂ ಬಾರದು. ಒಂದೇ ಪ್ರಸಂಗ ಹಿಡಿಯಿರಿ: ಗುಂಪು ಪ್ರಾಜೆಕ್ಟ್‌ನಲ್ಲಿ ಯಾವ ಮಾತಿಗೆ ಬಾಯಿ ಕಟ್ಟಿತು, ಮುಂದಿನ ವಾರ ಏನು ಬದಲಿಸಿದಿರಿ. ಜೋಳದ ಹಿಟ್ಟು ಸಿಗದೆ ಗೋಧಿಗೆ ಒಗ್ಗಿಕೊಂಡದ್ದನ್ನೂ ಸೇರಿಸಿ, ತಪ್ಪಿಲ್ಲ.

ಬಂದು 40 ದಿನವಾದ ಮೇಲೆ ಅದೇ ಹಾಳೆಯ ಅಂಚಿನಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ, ಒಪ್ಪದ ಸಾಲುಗಳನ್ನು ತಿದ್ದಿ. ಹಳೆಯದನ್ನು ಹೊಡೆದುಹಾಕಬೇಡಿ.